ಕಬ್ಬಿಣ ಆಗಿಬರದ ನಲವತ್ತು ದಿನ

ಅವನನ್ನು ಎಲ್ಲರೂ ಪಾಯಿಂಟಣ್ಣ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಒಂದು ಕೂದಲೆಳೆಯನ್ನು ಏಳೆಂಟು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ, ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇತ್ ಕೆಲಸದವರ ಬಾಯಲ್ಲಿ ಅಷ್ಟಕ್ಕೆ ಒಂದು ಪಾಯಿಂಟು. ಬೇರೆಯವರು ಸಾಕು ಬಿಡು ಅನ್ನುವ ಕಡೆ ಇವನು, "ಇನ್ನೊಂದು ಪಾಯಿಂಟು ಇದೆ, ತಡಿ" ಅನ್ನುತ್ತಿದ್ದ. ಗಿರಾಕಿ ಹೊರಗೆ ನಿಂತು ಎಷ್ಟು ಬೊಬ್ಬೆ ಹೊಡೆದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಎರಡು ಸಲ ಅಳತೆ ನೋಡದೆ ಒಂದು ಸಲವೂ ಕಬ್ಬಿಣಕ್ಕೆ ಉಳಿ ತಾಗಿಸಿದವನಲ್ಲ.

ಮೂವತ್ತೊಂದು ವರ್ಷ ಒಂದೇ ಶೆಡ್ಡು, ಒಂದೇ ಲೇತು. ಆಳುದ್ದದ ಎರಡರಷ್ಟು ಉದ್ದದ ಹಳೇ ಯಂತ್ರ ಅದು. ಮೊದಲು ಅದನ್ನು ತಂದು ಕೂರಿಸಿ, ಆಮೇಲೆ ಸುತ್ತ ಗೋಡೆ ಕಟ್ಟಿದ್ದರು. ಇವನು ಸೇರಿದ ಹೊಸದರಲ್ಲಿ ಅದರ ಪಕ್ಕದಲ್ಲೇ ಮಲಗುತ್ತಿದ್ದನಂತೆ. ಅದರ ಸದ್ದು ಕೇಳಿಯೇ ಎಲ್ಲಿ ಎಣ್ಣೆ ಆರಿದೆ ಅಂತ ಹೇಳುತ್ತಿದ್ದ. ಹೆಂಡತಿ ಒಂದು ದಿನ ಎಲ್ಲರೆದುರಿಗೇ ಅಂದಿದ್ದಳು, "ನಾನು ಮೂರು ದಿನ ಕೆಮ್ಮಿದ್ರೂ ಇವರಿಗೆ ಕೇಳಿಸಲ್ಲ. ಅದು ಒಂದು ಸಲ ಕೀಚ್ ಅಂದ್ರೆ ಸಾಕು, ಊಟ ಬಿಟ್ಟು ಓಡ್ತಾರೆ."

ಊರಿನ ದೊಡ್ಡ ಕಾರ್ಖಾನೆಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದ ಮೇಲೆ ಶೆಡ್ಡಿಗೂ ಕೆಲಸ ಬತ್ತಿತು. ಒಂದು ದಿನ ಮಾಲೀಕರು ಇವನನ್ನು ಕೂರಿಸಿಕೊಂಡು ಬರಬೇಕಾದ ದುಡ್ಡನ್ನೆಲ್ಲ ಲಕೋಟೆಯಲ್ಲಿಟ್ಟು ಕೊಟ್ಟರು. ಕೊಟ್ಟು, ಒಂದು ಮಾತೂ ಹೇಳಿದರು.

"ಲೇತು ನೀನೇ ಇಟ್ಕೊ. ಗುಜರಿ ರೇಟಿಗೆ ಕೊಡ್ತೀನಿ. ಶೆಡ್ಡಿಗೆ ತಿಂಗಳು ತಿಂಗಳು ಬಾಡಿಗೆ ಕೊಡು. ಪಂಪ್ ರಿಪೇರಿಯವರು, ಗಾಡಿ ರಿಪೇರಿಯವರು ಹೇಗೂ ನಿನ್ನನ್ನೇ ಕೇಳ್ಕೊಂಡು ಬರ್ತಾರೆ. ಎರಡು ತಿಂಗಳು ಯಾರಿಗೂ ಕೊಡಲ್ಲ."

ಲಕೋಟೆಯಲ್ಲಿದ್ದ ದುಡ್ಡು ಲೇತಿಗೆ ಸರಿಹೋಗಿ, ಮೇಲೆ ಒಂದು ತಿಂಗಳ ಮನೆಖರ್ಚಿಗೂ ಉಳಿಯುತ್ತಿತ್ತು. ಅವತ್ತೇ ಕೊಟ್ಟು ಕೈ ಮುಗಿದು ಬಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಐವತ್ತೆರಡನೇ ವಯಸ್ಸಿಗೆ ತನ್ನದೇ ಯಂತ್ರ, ತಾನೇ ಧಣಿ. ಆದರೆ ಇವನು ಮೇಷ್ಟ್ರ ಮನೆಗೆ ಹೋದ.

ಮೇಷ್ಟ್ರು ಅಂದರೆ ಹಿಂದೆ ಲೆಕ್ಕದ ಪಾಠ ಹೇಳಿಕೊಡುತ್ತಿದ್ದವರು. ನಿವೃತ್ತಿ ಆದ ಮೇಲೆ ಜಾತಕ ನೋಡುತ್ತಿದ್ದರು. ಕೆಲಸ ಕಳಕೊಂಡವರೆಲ್ಲ ಅವರ ಮುಂದಿನ ಕೋಣೆಯ ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಡಾಕ್ಟರ ಹತ್ತಿರ ಹೋದರೆ ಔಷಧಿಗೆ ದುಡ್ಡು ಬೇಕು, ಕಚೇರಿಗೆ ಹೋದರೆ ನಾಳೆ ಬಾ ಅಂತಾರೆ. ಮೇಷ್ಟ್ರು ಮಾತ್ರ, "ಇಂಥ ತಾರೀಖು ಕಳೀಲಿ, ಸರಿಹೋಗುತ್ತೆ" ಅಂತ ಒಂದು ದಿನ ಗೊತ್ತುಮಾಡಿ ಕಳಿಸುತ್ತಿದ್ದರು. ಜನಕ್ಕೆ ಅಷ್ಟೇ ಸಾಕಾಗಿತ್ತು.

ಆ ಕೋಣೆಯಲ್ಲಿ ಈಗ ಒಂದು ಹೊಸ ಮೇಜು ಬಂದಿತ್ತು. ಗೋಡೆಗೆ ಒಂದು ಫೈನಾನ್ಸ್ ಕಂಪನಿಯ ಬೋರ್ಡು. ಮೇಜಿನ ಹಿಂದೆ ಇಸ್ತ್ರಿ ಅಂಗಿಯ ಏಜೆಂಟು, ಹಲ್ಲು ಕಿರಿದುಕೊಂಡು ಕೂತಿದ್ದ. ಮೇಷ್ಟ್ರಿಗೆ ಕೋಣೆಯ ಬಾಡಿಗೆ ಬರುತ್ತಿತ್ತು. ಅದರ ಮೇಲೆ, ಬಂದವರನ್ನು ಆ ಮೇಜಿಗೆ ದಾಟಿಸಿದರೆ ತಲೆಗಿಷ್ಟು ಅಂತ ಕಮಿಷನ್ನು.

"ಹುಟ್ಟಿದ ಹೊತ್ತು ಹೇಳು" ಅಂದರು ಮೇಷ್ಟ್ರು.

"ಕಾರ್ಖಾನೆ ಸೈರನ್ ಆದಾಗ ಹುಟ್ಟಿದೆ ಅಂತ ಅಮ್ಮ ಹೇಳ್ತಿದ್ರು."

"ಬೆಳಿಗ್ಗೆ ಆರರದೋ ಏಳರದೋ?"

"ಅದು ಗೊತ್ತಿಲ್ಲ ಮೇಷ್ಟ್ರೇ."

"ಆರೂವರೆ ಅಂತ ಇಟ್ಕೊಳ್ಳೋಣ."

ಇವನು ತಲೆ ಆಡಿಸಿದ. ಒಂದು ಪಾಯಿಂಟು ಹೆಚ್ಚುಕಮ್ಮಿಯಾದರೆ ಮಾಡಿದ ಮಾಲನ್ನು ಮೂಲೆಗೆ ಎಸೆಯುವ ಮನುಷ್ಯ, ತನ್ನ ಬದುಕಿನ ಅಳತೆಯಲ್ಲಿ ಅರ್ಧ ಗಂಟೆ ಅತ್ತಿತ್ತ ಆದರೂ ಹೂಂ ಅಂದ! ನೆನೆಸಿಕೊಂಡರೆ ಮೈ ಉರಿಯುತ್ತೆ.

ಮೇಷ್ಟ್ರು ಹಾಳೆಯ ಮೇಲೆ ಮನೆಗಳನ್ನು ಗೀಚಿ, ಬೆರಳು ಮಡಚಿ, ಕಣ್ಣು ಮುಚ್ಚಿ ಲೆಕ್ಕ ಹಾಕಿದರು. "ಶನಿ ಕೂರಬಾರದ ಕಡೆ ಕೂತಿದ್ದಾನೆ. ಕಬ್ಬಿಣ ಅವನದು. ಇನ್ನು ನಲವತ್ತು ದಿನ ಕಬ್ಬಿಣ ಕೊಂಡರೂ, ಕಬ್ಬಿಣದ ಕೆಲಸ ಹಿಡಿದರೂ ಮನೆ ಮುಳುಗುತ್ತೆ. ನಲವತ್ತು ಕಳೀಲಿ, ಆಮೇಲೆ ನಿನ್ನ ಮುಂದೆ ಯಾರೂ ಇಲ್ಲ."

"ಅಲ್ಲಿವರೆಗೆ ದುಡ್ಡು?"

ಮೇಷ್ಟ್ರು ಏಜೆಂಟಿನ ಕಡೆ ನೋಡಿದರು ಅಷ್ಟೇ. ಏಜೆಂಟು ಕುರ್ಚಿ ಎಳೆದುಕೊಂಡು ಬಂದೇಬಿಟ್ಟ. "ಅಣ್ಣಾ, ದುಡ್ಡು ಮನೇಲಿ ಮಲಗಿದ್ರೆ ಕೊಳೆಯುತ್ತೆ. ನಲವತ್ತು ದಿನಕ್ಕೆ ಒಂದೂವರೆಯಷ್ಟು ಮಾಡಿ ಕೊಡ್ತೀವಿ. ಮೇಷ್ಟ್ರೇ ತಮ್ಮ ಪಿಂಚಣಿ ದುಡ್ಡು ಪೂರ್ತಿ ಇಟ್ಟಿದ್ದಾರೆ, ಕೇಳಿ ಬೇಕಾದ್ರೆ."

ಒಂದೂವರೆಯಷ್ಟು! ಲೇತೂ ಬಂತು, ಹೊಸ ಮೋಟಾರೂ ಬಂತು, ಶೆಡ್ಡಿನ ಸೋರುವ ತಗಡೂ ಬದಲಾಯಿತು. ಇವನ ತಲೆಯಲ್ಲಿ ಚಕ್ರ ತಿರುಗತೊಡಗಿತು. ಶನಿಯ ಹೆದರಿಕೆ ಅರ್ಧ, ಆಸೆ ಇನ್ನರ್ಧ. ಯಾವುದು ಎಷ್ಟು ಪಾಯಿಂಟು ಹೆಚ್ಚು ಅಂತ ಅವನೂ ಅಳೆಯಲಿಲ್ಲ.

ಮನೆಯಲ್ಲಿ ಹೆಂಡತಿ ಸುಮ್ಮನೆ ಬಿಟ್ಟಾಳೆಯೇ? ಅವಳು ಹೋಟೆಲೊಂದರ ಹಾಸು ಹೊದಿಕೆ ಒಗೆಯುವ ಕೆಲಸದವಳು. ಒಗೆಯುವ ಸೋಡಾಕ್ಕೆ ಸವೆದು ಬೆರಳ ತುದಿ ಬೆಳ್ಳಗಾಗಿತ್ತು, ನಾಲಿಗೆ ಮಾತ್ರ ಇನ್ನೂ ಚುರುಕಾಗಿತ್ತು.

"ಅಲ್ರೀ, ಮೂವತ್ತು ವರ್ಷ ಕಬ್ಬಿಣ ತಿಕ್ಕಿ ತಿಕ್ಕಿಯೇ ಅನ್ನ ತಿಂದ್ವಿ. ಆಗೆಲ್ಲ ಶನಿ ರಜಾ ಹಾಕಿದ್ನಾ?"

"ನಿನಗೆ ಏನು ಗೊತ್ತಾಗುತ್ತೆ ಸುಮ್ನಿರೇ."

"ನನಗೆ ಗ್ರಹ ಗೊತ್ತಿಲ್ಲ. ಹಲ್ಲು ಕಿರಿಯೋರು ಗೊತ್ತು. ಹೋಟೆಲಲ್ಲಿ ದಿನಾ ನೋಡ್ತೀನಿ. ಲೇತು ತಗೊಳ್ಳಿ, ಕೈ ಮುಗೀತೀನಿ."

ಅವಳು ಕೈ ಮುಗಿದೂ ಬಿಟ್ಟಳು. ಇವನು ಚಪ್ಪಲಿ ಮೆಟ್ಟಿ ಹೊರಟುಹೋದ. ಲಕೋಟೆಯ ದುಡ್ಡಿನಲ್ಲಿ ಅಷ್ಟಿಷ್ಟನ್ನು ಮನೆಗಿಟ್ಟು ಉಳಿದಿದ್ದನ್ನೆಲ್ಲ ಏಜೆಂಟಿನ ಕೈಗೆ ಹಾಕಿದ. ಬಣ್ಣದ ಕಾಗದದ ರಸೀದಿ ಕೊಟ್ಟರು, ಜೊತೆಗೆ ಒಂದು ಪೆನ್ನು ಉಚಿತ.

ಆಮೇಲಿನ ದಿನಗಳಲ್ಲಿ ಅವನಷ್ಟು ಖುಷಿಯ ಮನುಷ್ಯ ಆ ಬೀದಿಯಲ್ಲೇ ಇರಲಿಲ್ಲ ಅಂದರೆ ನಂಬಬೇಕು. ಬೆಳಿಗ್ಗೆ ಎದ್ದರೆ ಮೂವತ್ತೆಂಟು, ಮೂವತ್ತೇಳು ಅಂತ ಎಣಿಸುತ್ತಿದ್ದ. ಶೆಡ್ಡಿಗೆ ಹೋಗಿ ಲೇತಿನ ಧೂಳು ಒರೆಸಿ, ಗ್ರೀಸು ಹಚ್ಚಿ, ಚಾಲೂ ಮಾಡದೆ ಹಾಗೇ ಬರುತ್ತಿದ್ದ. ಪಂಪ್ ರಿಪೇರಿಯವನು ಕೆಲಸ ಹಿಡಿದು ಬಂದರೆ, "ಸ್ವಲ್ಪ ದಿನ ತಡಿ ಮಾರಾಯ, ಈಗ ಕಬ್ಬಿಣ ಮುಟ್ಟೋ ಹಾಗಿಲ್ಲ" ಅನ್ನುತ್ತಿದ್ದ. ಅವನು ಎರಡು ಸಲ ನಕ್ಕ, ಮೂರನೇ ಸಲ ಬರಲಿಲ್ಲ.

ಮೂವತ್ತಮೂರನೇ ದಿನ ಮೇಷ್ಟ್ರ ಮನೆ ಮುಂದೆ ಜನ ನೆರೆದಿತ್ತು. ಮೇಜಿತ್ತು, ಏಜೆಂಟು ಇರಲಿಲ್ಲ. ದೊಡ್ಡ ಪೇಟೆಯಲ್ಲಿದ್ದ ಕಂಪನಿಯ ಕಚೇರಿಗೆ ಬೀಗ. ಫೋನು ಮಾಡಿದರೆ ಹೆಣ್ಣುಮಗಳೊಬ್ಬಳು ನಯವಾಗಿ, ಈ ಸಂಖ್ಯೆ ಬಳಕೆಯಲ್ಲಿಲ್ಲ ಅನ್ನುತ್ತಿದ್ದಳು. ಸಾವಿರಾರು ಮಂದಿಗೆ ಪಂಗನಾಮ ಹಾಕಿ ಹೋಗಿದ್ದರು, ಕಳ್ಳ ನನ್ನಮಕ್ಕಳು. ಇವನು ರಸೀದಿ ಹಿಡಿದು ಜನರ ಹಿಂದೆ ನಿಂತಿದ್ದ. ಇನ್ನೂ ಏಳು ದಿನ ಇದೆಯಲ್ಲ ಅಂತಲೇ ಅವನಿಗೆ ಅನ್ನಿಸುತ್ತಿತ್ತಂತೆ.

ಮಾಲೀಕರ ಹತ್ತಿರ ಓಡಿದ. ಕಂತಿನಲ್ಲಿ ತೀರಿಸುತ್ತೇನೆ, ಲೇತು ಕೊಡಿ ಅಂದ.

"ಅವತ್ತೇ ಕೊಟ್ಟಿದ್ದೆನಲ್ಲೋ" ಅಂದರು ಅವರು, ಬೇಸರದಿಂದಲೇ. "ಬ್ಯಾಂಕಿನವರು ನನ್ನ ಕುತ್ತಿಗೆ ಮೇಲೆ ಕೂತಿದ್ದಾರೆ. ಶೆಡ್ಡನ್ನ ಗೋದಾಮಿಗೆ ಕೇಳ್ತಿದ್ದಾರೆ. ಎರಡು ತಿಂಗಳ ಮಾತು ಕೊಟ್ಟಿದ್ದೆ, ಅದನ್ನ ಉಳಿಸ್ಕೊತೀನಿ. ಅದರಾಚೆ ಒಂದು ದಿನಾನೂ ಆಗಲ್ಲ."

ಉಳಿದ ದಿನಗಳಲ್ಲಿ ಅವನು ತುಳಿಯದ ಮೆಟ್ಟಿಲಿಲ್ಲ. ಎಲ್ಲರ ದುಡ್ಡೂ ಅದೇ ಕಂಪನಿಯಲ್ಲಿ ಮುಳುಗಿತ್ತು, ಯಾರನ್ನು ಕೇಳುವುದು? ಎರಡು ತಿಂಗಳು ಕಳೆದ ಮರುದಿನವೇ ಗುಜರಿಯವನು ಲಾರಿ ತಂದ. ಲೇತು ಬಾಗಿಲಲ್ಲಿ ಹಿಡಿಸುವುದಿಲ್ಲ, ಗೋಡೆ ಒಡೆಯಲು ಮಾಲೀಕರು ಬಿಡುವುದಿಲ್ಲ. ಇದ್ದ ಜಾಗದಲ್ಲಿ ಇದ್ದರೆ ಅದು ಯಂತ್ರ, ಹೊರಗೆ ಬರಬೇಕಾದರೆ ಬರೀ ತೂಕ.

ಗುಜರಿಯವನು ಇವನ ಮನೆ ಬಾಗಿಲಿಗೇ ಬಂದ. "ಬಿಚ್ಚಿಕೊಡು ಬಾರಣ್ಣ, ಎರಡು ದಿನದ ಕೂಲಿ ಕೊಡ್ತೀನಿ. ನನ್ನ ಹುಡುಗರಿಗೆ ತಲೆಬುಡ ಗೊತ್ತಾಗ್ತಿಲ್ಲ."

ಇವನು ಅವನ ಅಪ್ಪ ಅಜ್ಜನನ್ನೆಲ್ಲ ಬೈದು ಅಟ್ಟಿದ. ಒಂದು ಗಂಟೆ ಬಿಟ್ಟು ಸ್ಪಾನರು ಹಿಡಿದು ತಾನೇ ಹೋದ. ಮನೆಯಲ್ಲಿ ಅಕ್ಕಿ ಮುಗಿದಿತ್ತು.

ಮೊದಲ ದಿನ ಬೋಲ್ಟು ಬೋಲ್ಟಾಗಿ ಬಿಚ್ಚಿದ. ಬಿಚ್ಚಿದ್ದನ್ನು ಅಭ್ಯಾಸಬಲದಿಂದ ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಲಾರಿಯ ಆಳು ನಕ್ಕ, "ಏನಣ್ಣ, ಮದುಮಗಳಿಗೆ ಸ್ನಾನ ಮಾಡಿಸ್ತಿದ್ದೀಯಾ? ಕುಲುಮೆಗೆ ಹೋಗೋ ಮಾಲು ಅದು." ಎರಡನೇ ದಿನ ಉಳಿದದ್ದು ತಳದ ಉದ್ದನೆಯ ಎರಕದ ತೊಲೆ ಮಾತ್ರ. ಅದನ್ನು ಬಿಚ್ಚಲು ಬೋಲ್ಟಿಲ್ಲ. ಮೂವರು ಸಮ್ಮಟಿಗೆ ಬೀಸಿ ಸುಸ್ತಾದರು. ತೊಲೆ ಗಂಟೆಯ ಹಾಗೆ ಮೊಳಗಿತೇ ಹೊರತು ಬಿರುಕು ಬಿಡಲಿಲ್ಲ.

"ಎಲ್ಲಿ ಹೊಡೀಬೇಕು ಅಂತ ನಿನಗೆ ಗೊತ್ತಿರುತ್ತೆ, ಹೇಳಣ್ಣ" ಅಂದ ಗುಜರಿಯವನು.

ಅವನಿಗೆ ಗೊತ್ತಿತ್ತು. ಸೀಮೆಸುಣ್ಣ ತಗೊಂಡು ಬಗ್ಗಿದ, ಕೈಯಿಂದ ಸವರಿದ, ಗೇಣು ಹಾಕಿ ನೋಡಿದ, ಮತ್ತೊಂದು ಸಲ ನೋಡಿದ. ಆಮೇಲೆ ಗೆರೆ ಎಳೆದ. ಎರಡನೇ ಪೆಟ್ಟಿಗೆ ತೊಲೆ ಎರಡು ಹೋಳಾಯಿತು.

ಕೂಲಿ ಜೇಬಿಗೆ ಹಾಕಿಕೊಂಡು ನೇರ ಮೇಷ್ಟ್ರ ಮನೆಗೆ ನಡೆದ. ಕುತ್ತಿಗೆಪಟ್ಟಿ ಹಿಡಿದು ನಾಲ್ಕು ಬಿಡಬೇಕು ಅಂತಲೇ ಹೋಗಿದ್ದು. ಬೆಂಚು ಖಾಲಿ. ಮೇಷ್ಟ್ರು ಗಡ್ಡ ಬಿಟ್ಟುಕೊಂಡು ಬರೀ ನೆಲದ ಮೇಲೆ ಕೂತಿದ್ದರು. ಪಿಂಚಣಿ ಹೋಗಿತ್ತು, ಮಗಳು ಮಾತು ಬಿಟ್ಟಿದ್ದಳು.

"ಹೊಡಿಯಪ್ಪ" ಅಂದರು. "ಬೆಳಿಗ್ಗೆಯಿಂದ ಇಬ್ಬರು ಹೊಡೆದು ಹೋದರು."

ಎತ್ತಿದ ಕೈ ಹಾಗೇ ನಿಂತಿತು. ಎಲ್ಲಿತ್ತೋ ಏನೋ, ಅವನ ಬಾಯಿಂದ ಬಂದದ್ದೇ ಬೇರೆ ಮಾತು. "ಮುಂದೆ ಹೇಗಿದೆ ನೋಡಿ ಮೇಷ್ಟ್ರೇ."

"ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಒಂದು ತಾರೀಖು ಹೇಳಿ. ಆರು ತಿಂಗಳು ಅನ್ನಿ, ಒಂದು ವರ್ಷ ಅನ್ನಿ!"

"ಇಲ್ಲಪ್ಪ. ಇನ್ನು ಯಾರಿಗೂ ಹೇಳಲ್ಲ."

"ಲಕೋಟೆ ತುಂಬ ದುಡ್ಡಿದ್ದಾಗ ಹೇಳೋಕೆ ನಾಲಿಗೆ ಇತ್ತಲ್ಲಯ್ಯಾ, ಈಗೇನು ಬಂತು ರೋಗ? ಸುಳ್ಳೇ ಹೇಳು!" ಅಂತ ಗೋಡೆ ಬಿರಿಯುವ ಹಾಗೆ ಕೂಗಿದ. ಮೇಷ್ಟ್ರು ಮುಖ ಮುಚ್ಚಿಕೊಂಡರು. ಬೇಕಾಗಿದ್ದಾಗ ಬಾರದ ಪ್ರಾಮಾಣಿಕತೆ ಈಗ ಬಂದು ಕೂತಿತ್ತು.

ಮನೆಗೆ ಬಂದಾಗ ಹೆಂಡತಿ ಹೊಸ್ತಿಲಲ್ಲಿ ಕೂತು ಬೆರಳಿಗೆ ಎಣ್ಣೆ ಸವರುತ್ತಿದ್ದಳು. ಕೂಲಿ ತಗೊಂಡು ಸೆರಗಿಗೆ ಗಂಟು ಹಾಕಿದಳು. ಬೈಯಲಿಲ್ಲ. ಈಚೆಗೆ ಅವಳು ಬೈಯುವುದನ್ನೇ ಬಿಟ್ಟಿದ್ದಳು, ಅದೇ ಅವನಿಗೆ ಹೆದರಿಕೆ.

"ಮೇಷ್ಟ್ರ ಮನೆ ಕಡೆಯಿಂದ ಬಂದ್ರಿ."

"ಹೂಂ."

"ಏನಂದ್ರು?"

ಎರಡು ತಿಂಗಳ ಹಿಂದೆ ಶನಿ ರಜಾ ಹಾಕಿದ್ನಾ ಅಂತ ಅಣಕಿಸಿದ ಹೆಂಗಸು, ಈಗ ತಲೆ ಎತ್ತಿ ಅವನ ಬಾಯನ್ನೇ ನೋಡುತ್ತಿದ್ದಳು. ಗೊತ್ತಿಲ್ಲ ಅಂದರು ಅಂತ ಹೇಳಲು ಅವನಿಗೆ ಆಗಲಿಲ್ಲ.

"ಹದಿನೇಳನೇ ತಾರೀಖು ಕಳೀಲಿ, ಸರಿಹೋಗುತ್ತೆ ಅಂದ್ರು."

"ಹೌದಾ?" ಅಂದಳು. ಬೆರಳು ಮಡಚಿ ಏನೋ ಎಣಿಸಿದಳು. "ಯಾವ ತಿಂಗಳದು?"

ಅದನ್ನು ಅವನು ಯೋಚಿಸಿರಲಿಲ್ಲ. ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ. ಅವಳು ಬೆರಳು ಮಡಚಿಕೊಂಡೇ ಕಾಯುತ್ತಿದ್ದಳು.