ಚಿಂಚೋಳಿಯಾಚೆ ಒಂದು ದ್ವೀಪ

ಬೆಳಗಿನ ಪ್ಯಾಸೆಂಜರ್ ರೈಲು ಶಹಾಬಾದ ಬಿಟ್ಟಾಗ ಅಣ್ಣ ಶಿವಶರಣಪ್ಪ ಬಾಗಿಲಲ್ಲೇ ನಿಂತಿದ್ದ. ಸೀಟು ಬೇಕಾದಷ್ಟು ಖಾಲಿ ಇದ್ದವು. ಒಂದು ಕಡೆ ಕೂರುವ ಜಾಯಮಾನ ಮೊದಲೇ ಅವನದಲ್ಲ. ಆ ದಿನವಂತೂ ಕಾಲಿಗೆ ಚಕ್ರ ಕಟ್ಟಿಕೊಂಡವನಂತಿದ್ದ. ಅವನ ಚೀಲದಲ್ಲಿ ಸುತ್ತಿಗೆ, ಉಳಿಗಳು. ನನ್ನ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ.

ಹಿಂದಿನ ಸಂಜೆ ಅವನಿಗೊಂದು ಫೋನ್ ಬಂದಿತ್ತು. ಚಿಂಚೋಳಿ ದಾಟಿದ ಮೇಲೆ, ಕಾಡಿನ ಅಂಚಿನಲ್ಲಿ ಒಂದು ಖಾಸಗಿ ಮೃಗಾಲಯ ಕಟ್ಟುತ್ತಿದ್ದಾರೆ. ಅದರೊಳಗೆ ಹಿಂದೂ ಮಹಾಸಾಗರದ ದ್ವೀಪವೊಂದನ್ನು ಗಿಡ, ಹಕ್ಕಿ, ಹಲ್ಲಿಗಳ ಸಮೇತ ಹಾಗೆಯೇ ಎಬ್ಬಿಸಿ ನಿಲ್ಲಿಸುವ ಸಾಹಸ. ಅಲ್ಲಿನ ದೈತ್ಯ ಆಮೆ ಕೊಳಕ್ಕೆ ಹೋಗುವ ದಾರಿಗೆ ಶಹಾಬಾದದ ಫರಶಿ ಕಲ್ಲು ಹಾಸಿದವನು ನಮ್ಮಣ್ಣ. "ಆಮೆ ನಿಮ್ಮ ಕಲ್ಲಿನ ಮ್ಯಾಲೆ ನಡೀವಲ್ದರಿ. ನಾಳಿ ಸಂಜಿತನಕ ನೋಡ್ತೀವಿ, ಇಲ್ಲಂದ್ರ ಅದರ ಹಳೇ ಪಂಜರಕ್ಕ ವಾಪಸ್ ಕಳಸ್ತೀವಿ," ಎಂದಿದ್ದರು ಅಲ್ಲಿಯ ಪಶುವೈದ್ಯೆ. ಅಣ್ಣ ರಾತ್ರಿ ಊಟ ಮಾಡಲಿಲ್ಲ. ಭಾನುವಾರವಾದ್ದರಿಂದ ನನಗೆ ಶಾಲೆ ಇರಲಿಲ್ಲ. ಇವನನ್ನು ಒಬ್ಬನೇ ಬಿಟ್ಟರೆ ಆಮೆಯ ಜೊತೆಗೂ ಜಗಳ ತೆಗೆದಾನು ಎಂದು ತಂಗಿಯಾದ ನಾನೂ ಹೊರಟೆ.

ವಾಡಿಯಲ್ಲಿ ಇಳಿದು ಚಹಾ ಕುಡಿಯೋಣವೆಂದರೆ ಬಿಸಿ ಲೋಟವನ್ನು ಅರ್ಧಕ್ಕೇ ಇಡಿಸಿ ಬಸ್ಸು ಹತ್ತಿಸಿದ. ಆ ಬಸ್ಸು ಚಿತ್ತಾಪುರದವರೆಗೆ ಮಾತ್ರ. ಶಿವರಾತ್ರಿ ಕಳೆದಿತ್ತು, ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಸೇಡಂ ಬಸ್ಸು ತಡವಾದಂತೆಲ್ಲ ಅಣ್ಣ ವಿಚಾರಣೆಯ ಕಿಟಕಿಗೆ ಹೋಗಿ ಬರುತ್ತಿದ್ದ. ಕೊನೆಗೆ ಒಳಗಿದ್ದಾತ ಅವನನ್ನು ಕಂಡರೇ ಕೈಮುಗಿಯತೊಡಗಿದ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ. "ನಿನ್ನ ಚಿಂತಿಗೆ ಮಾತ್ರ ಪೂರಾ ಟಿಕೆಟ್ ನೋಡಣ್ಣಾ," ಎಂದು ಛೇಡಿಸಿದೆ. ನಗಲಿಲ್ಲ.

ಸೇಡಂ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಜೊತೆ ರೊಟ್ಟಿ ತಿಂದೆವು. ಚಿಂಚೋಳಿ ಬಸ್ಸು ಹೊರಟರೂ ಕೋಡ್ಲಾ ಕಡೆಯ ಸಿಮೆಂಟ್ ಲಾರಿಗಳು ಮುಂದೆ ಹೋಗಗೊಡಲಿಲ್ಲ. ಆಗ ಕೇಳಿದೆ: "ಅಣ್ಣಾ, ಅವರು ಎಂಥಾ ಕಲ್ಲು ಕೇಳಿದ್ರು?"

"ಒರಟು."

"ನೀ ಎಂಥಾದು ಹಾಕಿದಿ?"

ಅವನು ಕಿಟಕಿಯಾಚೆ ನೋಡಿದ. "ಒರಟು ಕಲ್ಲು ದನದ ಕೊಟ್ಟಿಗಿಗೆ ಹಾಕ್ತಾರವ್ವಾ. ಸಮುದ್ರದಾಚಿ ಜೀವ ಅದು, ನಮ್ಮ ಕಡಿ ಬಂದದ. ಅದಕ್ಕ ಒರಟು ಹಾಸಿದ್ರ ಶಹಾಬಾದದ ಮರ್ಯಾದಿ ಉಳೀತದೇನು? ಪಾಲಿಶ್ ಮಾಡಿಸಿ ಹಾಕೀನಿ. ಅದರ ರೊಕ್ಕಾನೂ ಇಸಗೊಂಡಿಲ್ಲ."

ನನಗೆ ನಗುವೂ ಸಿಟ್ಟೂ ಒಟ್ಟಿಗೇ ಬಂದವು. ಬೈಯುವುದಾದರೂ ಹೇಗೆ? ನೆಲದಲ್ಲಿ ಮುಖ ಕಾಣದಿದ್ದರೆ ಆ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ಊರು ನಮ್ಮದು.

ಚಿಂಚೋಳಿಯಿಂದ ಆಟೊ ಹಿಡಿದೆವು. ದಾರಿಯುದ್ದಕ್ಕೂ ಎಲೆ ಉದುರಿಸಿ ನಿಂತ ಒಣ ಕಾಡು, ಕೆಂಪು ಧೂಳು. ಮೃಗಾಲಯದ ಗಾಜಿನ ಬಾಗಿಲು ದಾಟಿದ್ದೇ ತಡ, ಒಳಗೆ ಸಿಂಪಡಿಸುತ್ತಿದ್ದ ನೀರಿನ ಹಬೆಗೆ ನನ್ನ ಕನ್ನಡಕ ಮಂಜಾಯಿತು. ಒರೆಸಿ ನೋಡಿದರೆ ತೆಂಗು, ಕೇದಿಗೆ, ಬಿಳಿ ಮರಳು. ಪಚ್ಚೆ ಬಣ್ಣದ ಹಲ್ಲಿಗಳು ಕಾಂಡಕ್ಕೆ ಅಂಟಿದ್ದವು. ತಲೆಯ ಮೇಲೆ ಬಾವಲಿಗಳು ಜೋತು ಬಿದ್ದಿದ್ದವು. ಎಲ್ಲೋ ಅಡಗಿಸಿಟ್ಟ ಸ್ಪೀಕರುಗಳಿಂದ ಅಲೆಗಳ ಸದ್ದು. ಸಮುದ್ರ ಕಾಣದ ನನಗೆ ಚಂದವೂ ಅನ್ನಿಸಿತು, ಉಸಿರು ಕಟ್ಟಿದಂತೆಯೂ ಆಯಿತು.

ಕೊಳಕ್ಕೆ ಹೋಗುವ ಏರುದಾರಿಯ ಬುಡದಲ್ಲಿ, ಬೋರಲು ಹಾಕಿದ ಮದುವೆಮನೆ ಕಡಾಯಿಯಂತೆ, ಆಮೆ ಕೂತಿತ್ತು. ಕಾಲೆತ್ತಿ ಫರಶಿಯ ಮೇಲಿಟ್ಟಿತು. ಉಗುರು ಕರ್ರೆಂದು ಜಾರಿ ಇಡೀ ದೇಹ ಹಿಂದೆ ಸರಿಯಿತು. ತಲೆ ಒಳಗೆಳೆದುಕೊಂಡಿತು.

"ನೋಡಿದ್ರಿಲ್ಲ ಸಾಹುಕಾರ್ರ?" ಎಂದರು ವೈದ್ಯೆ. "ನೀರು ನಾವ ಮೈಮ್ಯಾಲೆ ಹೊಡೀತೀವಿ, ಸೊಪ್ಪು ಬಾಯಿಗೆ ಹಿಡೀತೀವಿ. ಆದ್ರ ನಡೀದಿದ್ರ ಕಾಲು ಸೋತು ಹೋಗ್ತಾವ. ಹಳೇ ಪಂಜರದಾಗ ಮಣ್ಣರ ಅದ, ನಾಕ್ ಹೆಜ್ಜಿ ತಿರುಗಾಡ್ತಿತ್ತು."

ಆಮೆಯನ್ನು ಕೆಲಸದವರೆಲ್ಲ ಸೇರಿ ಸದ್ದಿಗೆ ಬೆದರದಿರಲೆಂದು ದೂರದ ಪೊದೆಯ ಹಿಂದೆ ಒಯ್ದ ಮೇಲೆ ಅಣ್ಣ ಉಳಿ ಹಿಡಿದು ಕೂತ. ತಾನೇ ಕನ್ನಡಿಯಂತೆ ಹೊಳಪು ಮಾಡಿಸಿದ ಕಲ್ಲಿಗೆ ಮೊದಲ ಏಟು ಹಾಕುವ ಮುಂಚೆ ಅಂಗೈಯಿಂದ ಅದನ್ನೊಮ್ಮೆ ಸವರಿದ. ನನಗೂ ಸಂಕಟವಾಯಿತು. ಆಮೇಲೆ ನಿಲ್ಲಲಿಲ್ಲ, ಬೆವರಿಳಿಸುತ್ತ ಒಂದೊಂದೇ ಕಲ್ಲಿನ ಹೊಳಪು ತೆಗೆದ. ಕೊಳದ ಅಂಚಿನ ಕಲ್ಲಿಗೆ ಬಂದಾಗ ಸುತ್ತಿಗೆ ಕೆಳಗಿಟ್ಟ. ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುತ್ತಿದ್ದ ಕಲ್ಲದು.

"ಇದೊಂದು ಇರಲಿ ಬಿಡು," ಎಂದ ನನಗೆ.

ಅಷ್ಟರಲ್ಲಿ ಗೇಟಿನ ಹತ್ತಿರ, ಆಮೆಯನ್ನು ಹಳೇ ಪಂಜರಕ್ಕೆ ಒಯ್ಯಲು ಬಂದ ಲಾರಿ ಹಾರ್ನ್ ಹೊಡೆಯಿತು. ಆಮೆಯನ್ನು ತಂದು ಬಿಡಿಸಿ, ವೈದ್ಯೆ ದಾಸವಾಳದ ಹೂ ತೋರಿಸಿದರು. ಅದು ಕಾಲಿಟ್ಟಿತು. ಉಗುರು ಕಚ್ಚಿ ಹಿಡಿಯಿತು. ಇನ್ನೊಂದು ಹೆಜ್ಜೆ, ಮತ್ತೊಂದು. ಭಾರವಾದ ಮೈ ಎಳೆದುಕೊಂಡು ಮೇಲಿನವರೆಗೂ ಬಂತು. 

ಕೊನೆಯ ಕಲ್ಲಿನ ಮೇಲೆ ಕಾಲು ಜಾರಿತು.

ಈಗ ಉಳಿಯ ಸದ್ದಾದರೆ ಅದು ಮತ್ತೆ ತಲೆ ಒಳಗೆಳೆದುಕೊಳ್ಳುತ್ತದೆ. ಅಣ್ಣ ಸದ್ದಿಲ್ಲದೆ ಮೊಣಕಾಲೂರಿದ. ಕೊಳದ ದಡದ ಕೆಸರನ್ನು ಎರಡೂ ಕೈಯಲ್ಲಿ ಬಾಚಿ, ಅಂಗಳ ಸಾರಿಸಿದಂತೆ ಆ ಕಲ್ಲಿಗೆ ಬಳಿದ. ಮುಖ ಕಾಣುತ್ತಿದ್ದ ಕಲ್ಲು ಮುಚ್ಚಿಹೋಯಿತು. ಆಮೆ ಕಾಲಿಟ್ಟಿತು, ನಿಂತಿತು, ದಾಟಿತು. ಕತ್ತು ಚಾಚಿ ನೀರಿಗೆ ಬಾಯಿ ಹಚ್ಚಿತು.

"ಕುಡೀರಿ ಮುತ್ಯಾ, ಸಾವಕಾಶ ಕುಡೀರಿ," ಎಂದ ಅಣ್ಣ, ಮನೆಗೆ ಬಂದ ಹಿರಿಯರಿಗೆ ಹೇಳುವಂತೆ.

ಲಾರಿ ಖಾಲಿ ಹೋಯಿತು. ಬಸ್ಸಿನ ಹೊತ್ತು ಮೀರುತ್ತಿದೆ ಎಂದು ನಾನೇ ಅವಸರ ಮಾಡಿದೆ. ಅಣ್ಣ ಅಲುಗಲಿಲ್ಲ. ಕೆಸರುಗೈಯಲ್ಲಿ ಉಳಿ ಹಿಡಿದು, ಆಮೆ ಕುಡಿದು ಮುಗಿಸಿ ಆಚೆ ಹೋಗಲೆಂದು, ಆ ಕೊನೆಯ ಕಲ್ಲಿನ ಪಕ್ಕದಲ್ಲಿ ಕಾಯುತ್ತ ಕೂತಿದ್ದ.