ಯಾರೂ ಮನೆಗೆ ಒಯ್ಯದ ಪೆಟ್ಟಿಗೆ

ಎಪ್ಪತ್ತರ ದಶಕದ ನಡುವಿನ ಮಾತು. ಕೆಂಗೇರಿಯ ಆಚೆ ಇದ್ದ ಒಂದು ಸಣ್ಣ ವೈನರಿಯಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ರಾಜಾಜಿನಗರದ ನಮ್ಮ ಬೀದಿಯಲ್ಲಿ ಯಾರಾದರೂ ಕೇಳಿದರೆ ಅಮ್ಮ, "ಹಣ್ಣಿನ ರಸದ ಫ್ಯಾಕ್ಟರಿ" ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ನಾನು ಸಂಬಳ ತಂದುಕೊಟ್ಟಾಗ ಮಾತ್ರ ಅದು ಯಾವ ರಸ ಎಂಬ ಚಿಂತೆ ಅವಳಿಗೆ ಇರಲಿಲ್ಲ.

ನಮ್ಮಲ್ಲಿ ಹೆಚ್ಚಾಗಿ ತಯಾರಾಗುತ್ತಿದ್ದದ್ದು ಪೋರ್ಟ್, ಅಂದರೆ ಬೆಂಗಳೂರು ಬ್ಲೂ ದ್ರಾಕ್ಷಿಯ ರಸಕ್ಕೆ ಸಕ್ಕರೆ, ಸ್ಪಿರಿಟ್ ಬೆರೆಸಿದ ಸಿಹಿ ವೈನ್. ಹಣ್ಣು ಕೆಟ್ಟದ್ದಿದ್ದರೂ ಸಕ್ಕರೆ ಎಲ್ಲವನ್ನೂ ಮುಚ್ಚಿಬಿಡುತ್ತಿತ್ತು. ನನಗೆ ಡ್ರೈ ವೈನ್ ಮಾಡುವ ಹಟ. ಹಣ್ಣಿನ ಸಿಹಿಯೆಲ್ಲ ಹುಳಿತು ಮುಗಿದ ಮೇಲೆ ಉಳಿಯುವುದು ಅದು. ತಪ್ಪು ಬಚ್ಚಿಡಲು ಅದರಲ್ಲಿ ಜಾಗವಿಲ್ಲ. ಮಾಲೀಕರನ್ನು ಕಾಡಿ ಬೇಡಿ ಒಂದು ಪೀಪಾಯಿ ಪಡೆದಿದ್ದೆ. ಎರಡು ಫಸಲು ಕೈಕೊಟ್ಟವು. ಮೂರನೆಯದನ್ನು ನಾಲಿಗೆಗೆ ಇಟ್ಟಾಗ ಲ್ಯಾಬಿನಲ್ಲಿ ಒಬ್ಬಳೇ ನಕ್ಕುಬಿಟ್ಟೆ.

ಆ ವರ್ಷ ಕಾರ್ಖಾನೆ ಮಾಲೀಕರ ಸಂಘವೊಂದು ಆಸ್ಪತ್ರೆಯ ಮಕ್ಕಳ ವಾರ್ಡಿಗಾಗಿ ಹರಾಜು ಏರ್ಪಡಿಸಿತು. ಒಬ್ಬೊಬ್ಬರೂ ತಾವು ತಯಾರಿಸುವ ಸರಕನ್ನೇ ಕೊಡಬೇಕು. ನಮ್ಮ ಮಾಲೀಕರು ಅಬಕಾರಿ ಇಲಾಖೆಯ ಅನುಮತಿ ತಂದು, ಹನ್ನೆರಡು ಬಾಟಲಿಗಳ ಪೆಟ್ಟಿಗೆ ಕೊಡಲು ಒಪ್ಪಿದರು. ಪೋರ್ಟ್, ಬಿಳಿ ವೈನ್, ಶುಂಠಿ ವೈನ್, ಜೊತೆಗೆ ಕೆಂಪು ಲೇಬಲ್ಲಿನ ನನ್ನ ಡ್ರೈ ವೈನ್.

"ನೋಡಮ್ಮಾ, ದುಡ್ಡಿರೋ ಜನ ಬರ್ತಾರೆ. ರುಚಿ ನೋಡಿ ಒಬ್ಬನಾದ್ರೂ ಇನ್ನೊಂದು ಬಾಟಲಿ ಕೇಳ್ಕೊಂಡು ಬಂದ್ರೆ ನಿನ್ ಪೀಪಾಯಿ ಇರುತ್ತೆ. ಇಲ್ದಿದ್ರೆ ಪೋರ್ಟಿಗೆ ಸುರಿ," ಎಂದರು.

ಭಾನುವಾರ ಬೆಳಿಗ್ಗೆ ರಾಜಾಜಿನಗರದ ಕಲ್ಯಾಣ ಮಂಟಪ ತುಂಬಿತ್ತು. ಹೊಲಿಗೆ ಯಂತ್ರ, ಗ್ರೈಂಡರ್, ಸ್ಟೀಲ್ ಡ್ರಮ್ಮುಗಳೆಲ್ಲ ಹೋದ ಮೇಲೆ ನಮ್ಮ ಪೆಟ್ಟಿಗೆ ವೇದಿಕೆ ಏರಿತು. ಹಣೆತುಂಬ ವಿಭೂತಿ ಧರಿಸಿದ್ದ ಲೇತ್ ಕಾರ್ಖಾನೆಯ ಯಜಮಾನರೊಬ್ಬರು ಎಲ್ಲರಿಗಿಂತ ಮೇಲೆ ಕೂಗಿ ಗೆದ್ದರು. ನನಗೆ ಹಿಗ್ಗು ತಡೆಯಲಾಗಲಿಲ್ಲ. ಓಡಿಹೋಗಿ, "ಸಾರ್, ಕೆಂಪು ಲೇಬಲ್ಲಿಂದು ಮೊದ್ಲು ತೆಗೀರಿ, ಊಟದ ಜೊತೆ," ಎಂದೆ.

ಅವರು ಹಾವು ತುಳಿದವರಂತೆ ಹಿಂದೆ ಸರಿದರು. "ಶಿವಶಿವಾ! ದಿನಾ ಲಿಂಗಪೂಜೆ ಆಗೋ ಮನೆ ಕಣಮ್ಮಾ. ಇದನ್ನ ಹೊಸ್ತಿಲು ದಾಟಿಸ್ತೀನಾ? ನಾನು ಕೂಗಿದ್ದು ಮಕ್ಕಳಿಗೋಸ್ಕರ." ಮೈಕ್ ಹಿಡಿದು, "ದುಡ್ಡು ವಾರ್ಡಿಗೆ, ಪೆಟ್ಟಿಗೆ ಸಂಘಕ್ಕೇ ವಾಪಸ್," ಎಂದರು. ಚಪ್ಪಾಳೆ ನಿಲ್ಲಲೇ ಇಲ್ಲ.

ದೇವಸ್ಥಾನದ ಹರಾಜಿನಲ್ಲಿ ಹೀಗೆ ಮಾಡುವುದುಂಟು. ಗೆದ್ದವರು ವಸ್ತುವನ್ನು ಹಿಂತಿರುಗಿಸಿದರೆ ಅದನ್ನೇ ಮತ್ತೆ ಕೂಗುತ್ತಾರೆ. ದೇವರಿಗೆ ಕಾಣಿಕೆ, ಗೆದ್ದವರಿಗೆ ಹೆಸರು. ಗ್ರೈಂಡರನ್ನು ಯಾರೂ ಹಿಂತಿರುಗಿಸಲಿಲ್ಲ ಅನ್ನುವುದು ಬೇರೆ ಮಾತು. ನಮ್ಮ ಪೆಟ್ಟಿಗೆ ಮಾತ್ರ ಮತ್ತೆ ಮತ್ತೆ ಮಾರಾಟವಾಯಿತು, ಮತ್ತೆ ಮತ್ತೆ ಮೇಜಿಗೆ ಮರಳಿತು.

ಕೊನೆಗೆ ಗೆದ್ದವರು ನಾಯಂಡಹಳ್ಳಿಯ ಫೌಂಡ್ರಿ ಮಾಲೀಕರು. ನಮ್ಮ ವೈನರಿಗೇ ಬಂದು ಗ್ಲಾಸು ಎತ್ತುತ್ತಿದ್ದವರು. ನನಗೆ ಹೋದ ಜೀವ ಬಂದಂತಾಯಿತು. ಅವರೂ ಮೈಕಿನಲ್ಲಿ "ವಾಪಸ್" ಎಂದರು. ಕೆಳಗಿಳಿದಾಗ ಅಡ್ಡ ನಿಂತೆ.

"ಹೆಂಡ್ತಿ ಬೇರೆ ಮುಂದೇನೇ ಕೂತವ್ಳೆ. ಹೆಂಗ್ ಎತ್ಕೊಂಡ್ ಹೋಗ್ಲಮ್ಮಾ?" ಎಂದು ಪಿಸುಗುಟ್ಟಿದರು.

"ಒಂದೇ ಒಂದು ಬಾಟಲಿ ಆಫೀಸಿಗೆ ಕಳಿಸ್ಲಾ ಸಾರ್?"

"ಕಳಿಸೋದಾದ್ರೆ ಪೋರ್ಟ್ ಕಳಿಸಮ್ಮಾ. ಸಿಹಿಯಾಗಿರ್ತದೆ."

ಒಂದು ಬಿರಡೆಯೂ ಅಲುಗಾಡದೆ ಪೆಟ್ಟಿಗೆ ಸಂಘದಿಂದ ನಮ್ಮಲ್ಲಿಗೇ ಮರಳಿ ಬಂತು. ಅಂದಿನ ಹರಾಜಿನಲ್ಲಿ ಅತಿ ಹೆಚ್ಚು ಹಣ ತಂದದ್ದು ಅದೇ. ವಾರ್ಡಿಗೆ ಮಂಚಗಳು ಬಂದವು. ಅದಕ್ಕೆ ನನ್ನ ತಕರಾರಿಲ್ಲ. ಮರುದಿನವೇ ಮಾಲೀಕರು ಸಕ್ಕರೆ ಮೂಟೆ ತರಿಸಿದರು.

"ಯಾರೂ ರುಚೀನೇ ನೋಡ್ಲಿಲ್ವಲ್ಲ ಸಾರ್," ಎಂದೆ.

"ನೋಡ್ಲಿಲ್ಲ ತಾನೇ? ನಾನೂ ಅದನ್ನೇ ಹೇಳ್ತಿರೋದು."

ಆ ಪೀಪಾಯಿಗೆ ಸಕ್ಕರೆ ಸುರಿದದ್ದು ನಾನೇ. ಪೆಟ್ಟಿಗೆಯಲ್ಲಿದ್ದ ಕೆಂಪು ಲೇಬಲ್ಲಿನ ಬಾಟಲಿಗಳನ್ನೂ ಅದಕ್ಕೇ ಬಗ್ಗಿಸಿದೆವು.

ಮರುವರ್ಷ ಸಂಘದವರು ಫೋನ್ ಮಾಡಿ ಅದೇ ಪೆಟ್ಟಿಗೆ ಬೇಕೆಂದರು. "ಹೆಂಗೂ ತೆಗೆಯಲ್ಲ, ಬಣ್ಣದ ನೀರು ತುಂಬಿ ಕೊಡಮ್ಮಾ," ಎಂದು ಮಾಲೀಕರು ನಕ್ಕರು. ಅವರಿಗೆ ಅದು ತಮಾಷೆ. ನಾನು ನಿಜವಾಗಿಯೂ ತುಂಬಿಕೊಟ್ಟೆ.

ಪದಾರ್ಥ ಚೆನ್ನಾಗಿದ್ದರೆ ತಾನಾಗಿ ಉಳಿಯುತ್ತದೆ ಎಂದು ನಂಬಿಕೊಂಡು ಕಾಲೇಜಿನಿಂದ ಬಂದಿದ್ದೆ. ಅದನ್ನು ಯಾರಾದರೂ ಬಾಯಿಗೂ ಹಾಕಬೇಕು ಎಂದು ಕಲಿಸಿದ್ದು ಕೆಲಸ. ಆ ಸಲ ಪೆಟ್ಟಿಗೆ ಇನ್ನೂ ಹೆಚ್ಚಿನ ಬೆಲೆಗೆ ಹೋಯಿತು. ಸಂಘದ ಅಧ್ಯಕ್ಷರು ಕೆಂಪು ಲೇಬಲ್ಲಿನ ಬಾಟಲಿಯೊಂದನ್ನು ಎತ್ತಿ ಹಿಡಿದು, ಇಂಥ ರುಚಿ ನಮ್ಮ ನಾಡಿನಲ್ಲಿ ಮಾತ್ರ ಸಾಧ್ಯ ಎಂದರು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.