ಡ್ಯಾಮಿನ ಗಾಳಿ ಅಂದಿತು ಕಂಪ್ಯೂಟರ್

ಹೋದ ವಾರ ನಮ್ಮ ಮನೆಯ ಕಂಪ್ಯೂಟರ್ ನನ್ನ ಹೆಂಡತಿಗೆ ಸುಳ್ಳು ಹೇಳಿತು. ಅವಳು ನಂಬಿದಳು. ನಾನೂ ನಂಬಿದೆ. ಬಿಸಿಲೇರುವ ಹೊತ್ತಿಗೆ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಮೂಗು ಬಾಯಿಗೆ ಮಾಸ್ಕ್ ಒತ್ತಿಕೊಂಡು, ಹೊಗೆಯಂಥ ಔಷಧಿ ಎಳೆದುಕೊಳ್ಳುತ್ತಿದ್ದಳು.

ಮೊದಲಿನಿಂದ ಹೇಳುತ್ತೇನೆ.

ಹೊಸಪೇಟೆಯಲ್ಲಿ ನಮ್ಮ ಮನೆ ಇರುವುದು ಅದಿರು ಲಾರಿಗಳು ಓಡಾಡುವ ರಸ್ತೆಯ ಮಗ್ಗುಲಲ್ಲಿ. ಊರಿಗೆ ದುಡ್ಡು ಬಂದಿದೆ, ಇಲ್ಲವೆನ್ನುವುದಿಲ್ಲ. ನಮ್ಮ ಓಣಿಯಲ್ಲೇ ಹೊಸ ಕಾರುಗಳು ನಿಂತಿವೆ. (ಅವು ಯಾವ ಬಣ್ಣದವು ಎಂಬುದು ತೊಳೆದ ದಿನ ಮಾತ್ರ ಗೊತ್ತಾಗುತ್ತದೆ.) ದುಡ್ಡಿನ ಹಿಂದೆಯೇ ಕೆಂಪು ಧೂಳೂ ಬಂತು. ನನ್ನ ಹೆಂಡತಿ ಗಿರಿಜಾಳಿಗೆ ಉಬ್ಬಸ ಹತ್ತಿಕೊಂಡಿತು.

ಡಾಕ್ಟರು ಎರಡು ಮಾತು ಹೇಳಿದರು. ದಿನಾ ನಡೆಯಬೇಕು. ಧೂಳಿನಲ್ಲಿ ನಡೆಯಬಾರದು. ಇವೆರಡನ್ನೂ ಒಟ್ಟಿಗೆ ಪಾಲಿಸುವ ಜಾಗ ಈ ಊರಲ್ಲಿ ಎಲ್ಲಿದೆ ಎಂದು ಕೇಳಿದೆ. ಅವರು ಸುಮ್ಮನೆ ನಕ್ಕರು. ಅವರ ಮೇಜಿನ ಗಾಜಿನ ಮೇಲೂ ಕೆಂಪು ಪದರವಿತ್ತು.

ಗಿರಿಜಾಳಿಗೆ ನಡಿಗೆ ಅಂದರೆ ಬರೀ ನಡಿಗೆಯಲ್ಲ. ಪಕ್ಕದ ಮನೆಯ ನೀಲಮ್ಮನ ಜೊತೆ ಬೆಳಿಗ್ಗೆ ಕಾಲುವೆ ದಂಡೆಗೆ ಹೋಗಿಬರುವುದು ಅವಳ ಎಷ್ಟೋ ವರ್ಷಗಳ ಅಭ್ಯಾಸ. ಅಲ್ಲಿ ಊರಿನ ಸುದ್ದಿಯೆಲ್ಲ ವಿಲೇವಾರಿಯಾಗುತ್ತಿತ್ತು. ಬರುವಾಗ ಇಬ್ಬರೂ ನಗುತ್ತ ಬರುತ್ತಿದ್ದರು. ಡಾಕ್ಟರ ಎರಡನೇ ಮಾತು ಕೇಳಿದ ಮೇಲೆ ಅದು ನಿಂತಿತು. ಕಿಟಕಿ ಮುಚ್ಚಿದ ಮನೆಯಲ್ಲಿ ಅವಳು ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ನಡೆಯತೊಡಗಿದಳು. ನೋಡಲು ಕಷ್ಟವಾಗುತ್ತಿತ್ತು.

ನಮ್ಮ ಮನೆಗೆ ಬರುವ ಗಾಳಿ ಎರಡು ಥರ. ಪಡುವಣದಿಂದ ಬಂದರೆ ಡ್ಯಾಮಿನ ಗಾಳಿ, ನೀರಿನ ಮೇಲಿಂದ ಬರುವುದರಿಂದ ತಂಪು, ಸ್ವಚ್ಛ. ತೆಂಕಣದಿಂದ ಬಂದರೆ ಸಂಡೂರು ಗಾಳಿ, ಗಣಿಯ ಧೂಳನ್ನೂ ದಾರಿಯ ಧೂಳನ್ನೂ ಹೊತ್ತು ತರುತ್ತದೆ. ಯಾವ ದಿನ ಯಾವ ಗಾಳಿ ಎಂದು ಬಾಗಿಲು ತೆಗೆಯುವ ಮೊದಲೇ ಗೊತ್ತಾದರೆ? ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವನು. ನನಗೆ ಇಷ್ಟರಮಟ್ಟಿಗೆ ಬುದ್ಧಿ ಓಡಿದ್ದೇ ದೊಡ್ಡದು.

ಗೆಳೆಯ ಬಸವರಾಜನಿಗೆ ಇದನ್ನು ಹೇಳಿದೆ. ಯಶವಂತನಗರದ ಗಣಿ ಕಂಪನಿಯೊಂದರಲ್ಲಿ ಅಳತೆ ಯಂತ್ರಗಳನ್ನು ನೋಡಿಕೊಳ್ಳುವವನು ಅವನು. ಖಯಾಲಿಗೆಂದು ಒಂದು ಮನೆಬಳಕೆಯ ಹವಾಮಾನ ಕೇಂದ್ರ ತರಿಸಿಕೊಂಡಿದ್ದ, ಕ್ವಾರ್ಟರ್ಸಿನಲ್ಲಿ ಹಾಕಲು ಜಾಗವಿಲ್ಲದೆ ಡಬ್ಬಿಯಲ್ಲೇ ಬಿದ್ದಿತ್ತು. ಮುಂದಿನ ಭಾನುವಾರ ಡಬ್ಬಿ ಸಮೇತ ಬಂದ.

ಮಾಳಿಗೆಯ ಮೇಲೆ ಕಂಬ ನಿಲ್ಲಿಸಿದೆವು. ಗಾಳಿಯ ವೇಗಕ್ಕೆ ತಿರುಗುವ ಬಟ್ಟಲುಗಳು, ದಿಕ್ಕಿಗೆ ಬಾಣ, ಮಳೆಗೆ ಒಂದು ಡಬ್ಬಿ, ಸೆಕೆಗೆ ಇನ್ನೊಂದು. ಇವು ತಂತಿಯಿಲ್ಲದೆ ಪಡಸಾಲೆಯಲ್ಲಿಟ್ಟ ಪುಟ್ಟ ಪೆಟ್ಟಿಗೆಗೆ ಸುದ್ದಿ ಕಳಿಸುತ್ತವೆ. ಆ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಒಂದು ಕೇಬಲ್. ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್. ಕೇಳಲು ಎಷ್ಟು ಸುಲಭ ಅಲ್ಲವೇ?

ಮಾಳಿಗೆಯ ಕೆಲಸ ಮುಂಜಾನೆಯೇ ಮುಗಿಯಿತು. ಕೇಬಲ್ಲಿನ ಕೆಲಸ ವಾರ ಹಿಡಿಯಿತು. ಪೆಟ್ಟಿಗೆಗೆ ಎಲ್ಲ ಗೊತ್ತು, ಕಂಪ್ಯೂಟರಿಗೆ ಏನೂ ಗೊತ್ತಿಲ್ಲ. ಕೇಬಲ್ ಯಾವ ಪೋರ್ಟಿಗೆ, ಅಂದರೆ ಯಾವ ನಂಬರಿನ ಕಿಂಡಿಗೆ, ಎಂದು ಸಾಫ್ಟ್‌ವೇರ್ ಕೇಳುತ್ತಿತ್ತು. ಒಂದು ಅಂದೆ, ಡೇಟಾ ಇಲ್ಲ. ಎರಡು ಅಂದೆ, ಡೇಟಾ ಇಲ್ಲ. ಅಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು, ಮತ್ತೆ ಮೊದಲಿಂದ. ದಿನಾ ಸಂಜೆ ಬಸವರಾಜನಿಗೆ ಫೋನು. ಕೊನೆಗೆ ಅವನೇ ಪತ್ತೆ ಹಚ್ಚಿದ. ಇಂಟರ್ನೆಟ್ಟಿನ ಮೋಡೆಮ್ ಆ ಪೋರ್ಟಿನ ನಂಬರಿನ ಮೇಲೆ ಮೊದಲೇ ಟವೆಲ್ ಹಾಕಿ ಕೂತಿತ್ತು. (ಬಸ್ಸಿನ ಸೀಟಿನ ಪದ್ಧತಿ ಕಂಪ್ಯೂಟರಿನ ಒಳಗೂ ಇದೆ.) ಅದನ್ನು ಎಬ್ಬಿಸಿದ ಮೇಲೆ ತೆರೆಯ ಮೇಲೆ ಅಂಕಿಗಳು ಒಂದೊಂದಾಗಿ ಮೂಡಿದವು. ದುಂಡನೆಯ ಚಿತ್ರದಲ್ಲಿ ಬಾಣ ಮೆಲ್ಲಗೆ ಹೊರಳಿತು.

ಗಿರಿಜಾ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ನಿಂತಳು.

"ಇದು ನಮ್ಮ ಮಾಳಿಗಿ ಮ್ಯಾಲಿನ ಗಾಳೀನ ಏನ್ರಿ?"

ಹೌದು ಎಂದೆ. ಆ ಹೊತ್ತಿನಲ್ಲಿ ನನಗಾದ ಹೆಮ್ಮೆ ಮದುವೆಯಲ್ಲೂ ಆಗಿರಲಿಲ್ಲ.

ಆಮೇಲಿನ ದಿನಗಳು ಚೆನ್ನಾಗಿದ್ದವು. ಬೆಳಿಗ್ಗೆ ಎದ್ದು ನಾನು ತೆರೆ ನೋಡುವುದು, ಡ್ಯಾಮು ಅಥವಾ ಸಂಡೂರು ಎಂದು ಒಂದೇ ಮಾತಿನಲ್ಲಿ ಹೇಳುವುದು. ಡ್ಯಾಮು ಅಂದರೆ ಅವಳು ಚಪ್ಪಲಿ ಮೆಟ್ಟಿ ನೀಲಮ್ಮನನ್ನು ಕೂಗುತ್ತಿದ್ದಳು. ಸಂಡೂರು ಅಂದರೆ ಮಾತಿಲ್ಲದೆ ಒಲೆ ಹಚ್ಚುತ್ತಿದ್ದಳು. ನಗುವ ಸದ್ದು ಓಣಿಗೆ ವಾಪಸ್ ಬಂತು. ಹೋದ ವಾರವಂತೂ ದಿನವೂ ಡ್ಯಾಮಿನ ಗಾಳಿಯೇ. ನಮ್ಮ ಅದೃಷ್ಟ ಖುಲಾಯಿಸಿತು ಅಂದುಕೊಂಡೆ.

ಆ ದಿನವೂ ಡ್ಯಾಮು ಎಂದೆ. ಅವಳು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಏನು ಎಂದು ಕೇಳಿದೆ. ಏನಿಲ್ಲ ಎಂದು ಹೋದಳು.

ಕಾಲುವೆ ದಂಡೆಯಲ್ಲಿ ಅವಳಿಗೆ ಉಸಿರು ಕಟ್ಟಿತು. ನೀಲಮ್ಮ ಅವಳನ್ನು ಕಲ್ಲಿನ ಮೇಲೆ ಕೂಡಿಸಿ, ತನ್ನ ಗಂಡ ವೀರೇಶನಿಗೆ ಫೋನು ಮಾಡಿದಳು. ಅವನು ಕಾರು ತೆಗೆದು ನನ್ನನ್ನೂ ಕೂಡಿಸಿಕೊಂಡು ಹೊರಟ. ನಾವು ತಲುಪಿದಾಗ ಅವಳು ಎರಡೂ ಕೈ ಮೊಣಕಾಲಿಗೆ ಊರಿ ಬಗ್ಗಿದ್ದಳು. ತುಟಿಯ ಬಣ್ಣ ಹೋಗಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದಳು, ಆಗಲಿಲ್ಲ.

ವೀರೇಶ ಒಳ್ಳೆಯ ಮನುಷ್ಯ. ಲಾರಿಗಳನ್ನು ಇಟ್ಟುಕೊಂಡಿದ್ದಾನೆ, ಎಲ್ಲವೂ ಅದಿರಿಗೇ ಓಡುತ್ತವೆ. ಕಾರಿನ ಗಾಜು ಏರಿಸಿ, ಎ.ಸಿ. ಹಾಕಿ, ಲಾರಿಗಳ ಸಂದಿಯಲ್ಲಿ ನುಗ್ಗಿಸಿಕೊಂಡು ಆಸ್ಪತ್ರೆ ಮುಟ್ಟಿಸಿದ. ನರ್ಸು ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನನ್ನ ಪಕ್ಕ ಬಂದು ನಿಂತ.

"ಸರ, ನಾನೊಬ್ಬ ಲಾರಿ ನಿಲ್ಸಿದ್ರ ಧೂಳು ನಿಲ್ತೈತೇನ್ರಿ?"

ನಾನು ಅವನನ್ನು ಏನೂ ಕೇಳಿರಲಿಲ್ಲ.

ಔಷಧಿ ಹಿಡಿದು ಗಿರಿಜಾ ಸುಧಾರಿಸಿಕೊಂಡಳು. ಮುಖಕ್ಕೆ ಜೀವ ಬಂತು. ಮಾಸ್ಕ್ ತೆಗೆದ ಮೇಲೆ ಮೆಲ್ಲಗೆ ಹೇಳಿದಳು.

"ಮುಂಜಾನೆ ಏಳೂದ್ರಾಗ ಎದಿ ಬಿಗದಂಗ ಆಗಿತ್ರಿ. ಹೋಗೂದು ಬ್ಯಾಡ ಅನಿಸಿತ್ತು. ಆದ್ರ ಕಂಪ್ಯೂಟರ್‌ನಾಗ ಡ್ಯಾಮಿನ ಗಾಳಿ ಅಂತ ಬಂದೈತಲ್ಲ, ನಂದ ಏನೋ ಭ್ರಮಿ ಅನ್ಕೊಂಡೆ."

ಓದುಗರೇ, ತನ್ನ ಎದೆಗಿಂತ ಹೆಚ್ಚಾಗಿ ನಾನು ಜೋಡಿಸಿದ ಕೇಬಲ್ಲನ್ನು ಅವಳು ನಂಬಿದ್ದಳು.

ಅವಳನ್ನು ಮನೆಗೆ ತಂದು ಮಲಗಿಸಿ ಮಾಳಿಗೆ ಹತ್ತಿದೆ. ಗಾಳಿ ಮುಖಕ್ಕೇ ಬಡಿಯಿತು, ಸಂಡೂರಿನದು, ಹಲ್ಲಿನಲ್ಲಿ ಕರಕರ ಎನ್ನುವಂಥದ್ದು. ಬಟ್ಟಲುಗಳು ಗಿರಗಿರ ತಿರುಗುತ್ತಿದ್ದವು. ಬಾಣ ಮಾತ್ರ ಪಡುವಣಕ್ಕೆ ಮುಖ ಮಾಡಿ ಅಲುಗದೆ ನಿಂತಿತ್ತು. ಬೆರಳಿಂದ ತಳ್ಳಿದೆ, ಜಗ್ಗಲಿಲ್ಲ. ಬಿಚ್ಚಿ ನೋಡಿದರೆ ಅದು ತಿರುಗುವ ಕೀಲಿನಲ್ಲಿ ಕೆಂಪು ಧೂಳು ಇಬ್ಬನಿಯಲ್ಲಿ ಕಲೆತು ಗಟ್ಟಿಯಾಗಿ ಕೂತಿತ್ತು. ವಾರದಿಂದ ಅದು ಒಂದೇ ದಿಕ್ಕು ಹೇಳುತ್ತಿತ್ತು. ನಾನು ಅದನ್ನು ಅದೃಷ್ಟ ಅಂದುಕೊಂಡಿದ್ದೆ.

ಬಸವರಾಜನಿಗೆ ಫೋನು ಮಾಡಿದೆ. ಬೈಯಬೇಕೆಂದೇ ಮಾಡಿದ್ದು, ಬೈಯಲಾಗಲಿಲ್ಲ. ಕಂಡದ್ದನ್ನಷ್ಟೇ ಹೇಳಿದೆ. ಪೆಟ್ಟಿಗೆ ಸರಿಯಿದೆ, ಕೇಬಲ್ ಸರಿಯಿದೆ, ಸಾಫ್ಟ್‌ವೇರೂ ಸರಿಯಿದೆ, ಬಂದ ಸುದ್ದಿಯನ್ನೇ ಅದು ತೋರಿಸಿದೆ ಎಂದ. ತಿರುಗದ ಬಾಣಕ್ಕೂ ಒಂದು ದಿಕ್ಕು ಇರುತ್ತದಲ್ಲ ಸರ, ಎಂದ. ಕೀಲನ್ನು ಆಗಾಗ ತೊಳೆಯಬೇಕೆಂದು ಮೊದಲೇ ಹೇಳಬೇಕಿತ್ತು ಎಂದು ಪೇಚಾಡಿಕೊಂಡ. ಅವನ ಧ್ವನಿಯಲ್ಲೂ ಕೆಮ್ಮಿತ್ತು. ನಿನಗೆ ಯಾವಾಗಿನಿಂದ ಎಂದು ಕೇಳಿದೆ. ಇಲ್ಲಿ ಎಲ್ಲರಿಗೂ ಐತಿ ಬಿಡ್ರಿ ಎಂದ.

ಕೀಲು ತೊಳೆದು, ಎಣ್ಣೆ ಬಿಟ್ಟು, ಬಾಣ ಕೂಡಿಸಿದೆ. ಈಗ ತಿರುಗುತ್ತಿದೆ. ಇನ್ನು ಭಾನುವಾರಕ್ಕೊಮ್ಮೆ ಮಾಳಿಗೆ ಹತ್ತಿ ತೊಳೆಯುವುದು ನನ್ನ ಕೆಲಸ. ಎಷ್ಟು ಭಾನುವಾರ? ಯಾರಿಗೆ ಗೊತ್ತು. ಸಂಡೂರಿನ ಗುಡ್ಡ ಕರಗುವವರೆಗೂ ಇರಬಹುದು. ಬೆಳಿಗ್ಗೆ ತೆರೆ ನೋಡುವುದನ್ನು ಬಿಟ್ಟಿಲ್ಲ, ಆದರೆ ಮೊದಲು ಅವಳನ್ನು ಕೇಳುತ್ತೇನೆ. ಅಂದಿನಿಂದ ಅವಳು ಬೇಡ ಎಂದ ದಿನಗಳೇ ಹೆಚ್ಚು. ನೀಲಮ್ಮ ಒಬ್ಬಳೇ ಹೋಗಿ ಬರುತ್ತಾಳೆ, ಬೇಗ ಬರುತ್ತಾಳೆ.

ಮೊನ್ನೆ ಸಂಜೆ ಗಿರಿಜಾ ತಾನಾಗಿಯೇ ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಇದಕ್ಕೆ ಇನ್ನೂ ಏನೇನು ಜೋಡಿಸಬಹುದು ತೋರಿಸಿರಿ ಎಂದಳು. ಸಾಫ್ಟ್‌ವೇರಿನ ಪಟ್ಟಿ ತೆರೆದು ಓದಿ ಹೇಳಿದೆ. ಮಣ್ಣಿನ ತೇವ ನೋಡಬಹುದು. ಎಲೆಯ ಮೇಲಿನ ತೇವ ನೋಡಬಹುದು. ಬಿಸಿಲಿನ ಖಾರ ನೋಡಬಹುದು.

"ಧೂಳಿಗೆ ಇಲ್ಲೇನ್ರಿ?"

ಪಟ್ಟಿಯನ್ನು ಕೊನೆಯವರೆಗೂ ಇಳಿಸಿ ನೋಡಿದೆ. ಇಲ್ಲ ಎಂದೆ. ಅವಳು ಎದ್ದು ಕಿಟಕಿಯ ಚಿಲಕ ಸರಿಯಾಗಿ ಬಿದ್ದಿದೆಯೇ ನೋಡಿ ಒಳಗೆ ಹೋದಳು.

ಮಳೆ ಹವಾಮಾನ, ಬಿಸಿಲು ಹವಾಮಾನ, ಗಾಳಿಯೂ ಹವಾಮಾನವಂತೆ. ಹಾಗಾದರೆ ನಾವು ದಿನಾ ಉಸಿರಾಡುತ್ತಿರುವುದಕ್ಕೆ ಏನೆನ್ನುತ್ತಾರೆ?